ಎಲ್‌ಟಿಎಲ್ ಗಾಡಿ: ಸಹಿ ಹಾಕುವ ಮುನ್ನ, ಹೊರಡುವ ಮುನ್ನ

ಒಬ್ಬನೇ ಗಿರಾಕಿಯ ಮಾಲು ಇಡೀ ಟ್ರೇಲರ್ ತುಂಬಿದರೆ ಅದು ಫುಲ್ ಲೋಡ್. ಒಂದೆರಡು ಪ್ಯಾಲೆಟ್ ಕಳಿಸುವ ಹಲವರ ಮಾಲನ್ನು ಕೂಡಿಸಿ ಒಯ್ಯುವುದು ಎಲ್‌ಟಿಎಲ್, ನಮ್ಮ ಮಾತಿನ ಪಾರ್ಟ್ ಲೋಡ್. ಅಮೆರಿಕದಲ್ಲಿ ಸಾಮಾನ್ಯವಾಗಿ ಸಿಟಿ ಡ್ರೈವರ್ ಹಗಲಲ್ಲಿ ಮಾಲು ಇಳಿಸಿ, ಹೊಸದನ್ನು ಹತ್ತಿಸಿಕೊಂಡು ಸಂಜೆ ಟರ್ಮಿನಲ್‌ಗೆ ತರುತ್ತಾನೆ. ಡಾಕ್‌ನಲ್ಲಿ ಫೋರ್ಕ್‌ಲಿಫ್ಟ್‌ನವರು ಊರುವಾರು ವಿಂಗಡಿಸಿ ಬೇರೆ ಟ್ರೇಲರ್‌ಗಳಿಗೆ ತುಂಬುತ್ತಾರೆ. ರಾತ್ರಿ ಲೈನ್‌ಹಾಲ್ ಡ್ರೈವರ್ ಅದನ್ನು ಮುಂದಿನ ಟರ್ಮಿನಲ್‌ಗೆ ಮುಟ್ಟಿಸುತ್ತಾನೆ. ಹೀಗೆ ಕೈ ಬದಲಾದಾಗಲೆಲ್ಲ ಮಾಲು ಒಡೆಯಬಹುದು, ದಾರಿ ತಪ್ಪಬಹುದು.

ಹಾಗಾಗಿ ಮಾಲು ಹತ್ತಿಸಿಕೊಳ್ಳುವಾಗಿನ ಎಣಿಕೆಯೇ ನಿಮ್ಮ ರಕ್ಷಣೆ. ಮಾಲಿನ ರವಾನೆ ಪತ್ರವಾದ ಬಿಲ್ ಆಫ್ ಲೇಡಿಂಗ್‌ನಲ್ಲಿ '2 ಪ್ಯಾಲೆಟ್, 60 ಪೆಟ್ಟಿಗೆ' ಎಂದಿದ್ದು, ಪ್ಲಾಸ್ಟಿಕ್ ಸುತ್ತಿರುವ ಕಾರಣ ಒಳಗಿನದು ಕಾಣದಿದ್ದರೆ 60ಕ್ಕೆ ಸುಮ್ಮನೆ ಸಹಿ ಹಾಕಬೇಡಿ. '2 ಪ್ಯಾಲೆಟ್, ಸುತ್ತಿದ್ದು, ಒಳಗಿನ ಎಣಿಕೆ ಕಳಿಸಿದವರದ್ದು' ಎಂದು ಬರೆದು ಸಹಿ ಹಾಕಿ. ಮುರಿದ ಹಲಗೆ, ಒದ್ದೆ ತಳ, ವಾಲಿದ ಪೆಟ್ಟಿಗೆಗಳನ್ನೂ ಅಲ್ಲೇ ನಮೂದಿಸಿ. ಪ್ರೋ ನಂಬರ್ (ಆ ಮಾಲಿನ ಗುರುತಿನ ಸಂಖ್ಯೆ) ಚೀಟಿ ಕಾಗದಕ್ಕೂ ಮಾಲಿಗೂ ಒಂದೇ ಇರಲಿ. ವಿಷದ ಲೇಬಲ್ ಇರುವ ಡ್ರಮ್ ಬಂದರೆ, ಟ್ರೇಲರ್‌ನಲ್ಲಿ ಆಹಾರ ಪದಾರ್ಥ ಇದೆಯೇ ಎಂದು ಮೊದಲು ನೋಡಿ. ಇದ್ದರೆ ಹತ್ತಿಸಬೇಡಿ, ಗಾಡಿಗಳನ್ನು ಕಳಿಸುವ ಡಿಸ್ಪ್ಯಾಚ್ ಕಚೇರಿಗೆ ಫೋನ್ ಮಾಡಿ.

ಕೊನೆಗೆ ಇಳಿಯುವುದು ಒಳಗೆ, ಮೊದಲು ಇಳಿಯುವುದು ಬಾಗಿಲ ಬಳಿ. ಭಾರದ್ದು ಕೆಳಗೆ. ಒಂದು ಕಡೆ ಮಾಲು ಇಳಿಸಿದ ಮೇಲೆ ನಡುವೆ ಜಾಗ ಖಾಲಿಯಾಗುತ್ತದೆ; ಲೋಡ್ ಬಾರ್ (ಮಾಲು ಜಾರದಂತೆ ಅಡ್ಡ ಬಿಗಿಯುವ ಸರಳು) ಸರಿಸಿ ಮತ್ತೆ ಬಿಗಿ ಮಾಡದಿದ್ದರೆ ಮುಂದಿನ ಬ್ರೇಕ್‌ಗೇ ಪ್ಯಾಲೆಟ್ ಜಾರುತ್ತದೆ.

ಲೈನ್‌ಹಾಲ್‌ನಲ್ಲಿ ಹೆಚ್ಚಾಗಿ 28 ಅಡಿಯ ಎರಡು ಟ್ರೇಲರ್ ಜೋಡಿಸಿ ಎಳೆಯುತ್ತಾರೆ. ಇದಕ್ಕೆ ಸಿಡಿಎಲ್ (ಅಲ್ಲಿನ ವಾಣಿಜ್ಯ ವಾಹನ ಚಾಲನಾ ಪರವಾನಗಿ) ಮೇಲೆ 'ಟಿ' ಎಂಡಾರ್ಸ್‌ಮೆಂಟ್, ಅಂದರೆ ಹೆಚ್ಚುವರಿ ಅನುಮತಿ, ಬೇಕು. ಹೆಚ್ಚು ಭಾರದ ಟ್ರೇಲರ್ ಟ್ರ್ಯಾಕ್ಟರ್‌ಗೆ (ಎಂಜಿನ್ ಇದ್ದು ಎಳೆಯುವ ಗಾಡಿ) ತಾಗಿ ಮುಂದೆ, ಹಗುರದ್ದು ಹಿಂದೆ. ಕಾರಣ, ಸ್ಟೀರಿಂಗ್ ಸ್ವಲ್ಪ ಜೋರಾಗಿ ತಿರುಗಿದರೂ ಆ ಎಳೆತ ಹಿಂದಿನ ಟ್ರೇಲರ್ ತಲುಪುವಷ್ಟರಲ್ಲಿ ದೊಡ್ಡದಾಗಿರುತ್ತದೆ. ಕ್ಯಾಬ್‌ನಲ್ಲಿ ಕೂತವರಿಗೆ ಅದು ಗೊತ್ತಾಗುವ ಹೊತ್ತಿಗೆ ತಡವಾಗಿರಬಹುದು.

ಡಾಲಿಯನ್ನು (ಎರಡು ಟ್ರೇಲರ್ ಜೋಡಿಸುವ ಗಾಲಿಗಳ ಚೌಕಟ್ಟು) ಹಿಂದಿನ ಟ್ರೇಲರ್ ಅಡಿಗೆ ತಳ್ಳಿದ ಮೇಲೆ ಟಾರ್ಚ್ ಹಿಡಿದು ಬಗ್ಗಿ ನೋಡಿ. ಫಿಫ್ತ್ ವೀಲ್ (ಟ್ರೇಲರ್ ಕೂರುವ ಡಾಲಿಯ ಮೇಲಿನ ತಟ್ಟೆ) ಮತ್ತು ಟ್ರೇಲರ್ ತಟ್ಟೆಯ ನಡುವೆ ಸಂದು ಇರಕೂಡದು, ಅದರ ದವಡೆ ಟ್ರೇಲರ್ ಅಡಿಯ ಗೂಟವಾದ ಕಿಂಗ್‌ಪಿನ್ ಸುತ್ತ ಪೂರ್ತಿ ಮುಚ್ಚಿರಬೇಕು. ಮುಂದಿನ ಟ್ರೇಲರ್‌ನ ಹಿಂದೆ ಡಾಲಿ ಸಿಕ್ಕಿಸುವ ಕೊಕ್ಕೆಯಾದ ಪಿಂಟಲ್ ಹುಕ್ ಲಾಕ್ ಆಗಿದೆಯೇ, ಸುರಕ್ಷಾ ಸರಪಳಿ ಸಿಕ್ಕಿಸಿದೆಯೇ, ಡಾಲಿಯ ಕಾಲು ಮೇಲೆತ್ತಿದೆಯೇ ನೋಡಿ. ಬ್ರೇಕ್ ನಡೆಯುವುದು ಗಾಳಿಯ ಒತ್ತಡದಿಂದ; ಆ ಗಾಳಿಯ ವಾಲ್ವ್‌ಗಳಲ್ಲಿ ಮುಂದಿನ ಟ್ರೇಲರ್‌ನ ಹಿಂಬದಿಯವು ತೆರೆದಿರಬೇಕು, ಕಡೆಯ ಟ್ರೇಲರ್‌ನ ಹಿಂಬದಿಯವು ಮುಚ್ಚಿರಬೇಕು.

ಆಮೇಲೆ ಸಿಸ್ಟಂಗೆ ಗಾಳಿ ತುಂಬಿಸಿ, ಟ್ರೇಲರ್ ಹ್ಯಾಂಡ್ ಬ್ರೇಕ್ (ಕ್ಯಾಬ್‌ನಿಂದ ಟ್ರೇಲರ್‌ಗಳ ಸರ್ವಿಸ್ ಬ್ರೇಕ್ ಹಾಕುವ ಹಿಡಿ, ಪಾರ್ಕಿಂಗ್ ಬ್ರೇಕ್ ಅಲ್ಲ) ಹಾಕಿ, ಗಾಡಿಯ ತುದಿಯವರೆಗೆ ನಡೆಯಿರಿ. ಕಡೆಯ ಟ್ರೇಲರ್‌ನ ಎಮರ್ಜೆನ್ಸಿ ವಾಲ್ವ್ (ಟ್ಯಾಂಕ್‌ಗೆ ಗಾಳಿ ತುಂಬುವ ಸಾಲಿನದು) ತುಸು ತೆರೆದರೆ ಗಾಳಿ ಬುಸ್ಸೆನ್ನಬೇಕು. ಅದನ್ನು ಮುಚ್ಚಿ ಸರ್ವಿಸ್ ವಾಲ್ವ್ (ಬ್ರೇಕ್ ಹಾಕಿದಾಗ ಗಾಳಿ ಬರುವ ಸಾಲಿನದು) ತೆರೆದಾಗಲೂ ಹಾಗೇ. ಸದ್ದಿಲ್ಲವೆಂದರೆ ಗಾಳಿ ಅಲ್ಲಿಯವರೆಗೆ ಬಂದಿಲ್ಲ, ಹಿಂದಿನ ಬ್ರೇಕ್ ನಂಬುವಂತಿಲ್ಲ. ನಡುವಿನ ವಾಲ್ವ್ ಮುಚ್ಚಿಕೊಂಡಿದೆಯೇ, ಹೋಸ್‌ಗಳು ಅದಲುಬದಲಾಗಿವೆಯೇ ಹುಡುಕಿ, ಸರಿಪಡಿಸಿ, ಇದೇ ಪರೀಕ್ಷೆ ಮತ್ತೆ ಮಾಡಿ. ಅಲ್ಲಿಯವರೆಗೆ ಗಾಡಿ ಕದಲಿಸಬೇಡಿ.