ಜಾಲರಿಗೆ ಮೆತ್ತಿದ ಹತ್ತಿ

ಇವತ್ತು ಹೊರಗೋಡೆಯ ಹುಡ್ ಜಾಲರಿಯಿಂದ ಬಿಡಿಸಿದ ಕಾಟನ್‌ವುಡ್ ಮರದ ಹತ್ತಿ, ಒಂದು ಪುಟ್ಟ ದಿಂಬಿಗಾಗುವಷ್ಟು!

ಕೆನಡಾದಲ್ಲಿ ಜೂನ್ ಅಂದ್ರೆ ಹೀಗೇ. ಮರದ ಹತ್ತಿ ಹಾರಿಬಂದು ಎಚ್‌ಆರ್‌ವಿ (ಮನೆಯ ಹಳೇ ಗಾಳಿ ಹೊರಹಾಕಿ, ಅದರ ಬಿಸಿಯನ್ನ ಒಳಬರೋ ಹೊಸ ಗಾಳಿಗೆ ದಾಟಿಸೋ ಯಂತ್ರ) ಗಾಳಿ ಎಳ್ಕೊಳ್ಳೋ ಬಾಯಿಗೇ ಕಂಬಳಿ ಹೊದಿಸುತ್ತೆ.

ಫ್ಯಾನ್ ಸದ್ದೇನೋ ಬರ್ತಾನೇ ಇರುತ್ತೆ, ಅದಕ್ಕೇ ಯಾರಿಗೂ ಅನುಮಾನ ಬರಲ್ಲ. ಹೊರಹೋಗೋ ಗಾಳಿ ಜಾಸ್ತಿ, ಒಳಬರೋದು ಕಮ್ಮಿ. ಆ ಕೊರತೆಯನ್ನ ಮನೆ ಕಿಟಕಿ ಸಂದಿಯಿಂದ ಎಳ್ಕೊಳ್ಳುತ್ತೆ. ಚಿಮಣಿಗೆ ಜೋಡಿಸಿದ ಹಳೇ ಗ್ಯಾಸ್ ಹೀಟರ್ ಇದ್ರೆ ಅದರ ಹೊಗೆಯೂ ಹಿಂದಕ್ಕೆ ಬರಬಹುದು. ತಮಾಷೆ ಅಲ್ಲ.

ಸರ್ವಿಸ್‌ಗೆ ಬರೋ ಕೆಲವರು ಬಂದವರೇ ಡ್ಯಾಂಪರ್ (ಕೊಳವೆಯಲ್ಲಿ ಗಾಳಿ ಹೆಚ್ಚು-ಕಮ್ಮಿ ಮಾಡೋ ತಿರುಗು ಬಿಲ್ಲೆ) ತಿರುಗಿಸ್ತಾರೆ. ಮೊದಲು ಜಾಲರಿ, ಫಿಲ್ಟರ್, ಬಿಸಿ ದಾಟಿಸೋ ಕೋರ್ ಶುಚಿ ಆಗ್ಬೇಕು ಕಣ್ರೀ. ಇಲ್ಲಾಂದ್ರೆ ಕೊಳೆಗೇ ಬ್ಯಾಲೆನ್ಸ್ (ಒಳ-ಹೊರ ಗಾಳಿ ಸಮ) ಮಾಡಿದಂಗಾಯ್ತು.

ಆಮೇಲೆ ಕಿಟಕಿ ಬಾಗಿಲು ಮುಚ್ಚಿ, ಡ್ರೈಯರ್, ಅಡುಗೆಮನೆ ಫ್ಯಾನ್ ಆಫ್ ಮಾಡಿ, ಯಂತ್ರನ ಹೈ ಸ್ಪೀಡ್‌ಗೆ ಹಾಕಿ ಎರಡೂ ಕಡೆ ಗಾಳಿಯ ಹರಿವು ಅಳೀಬೇಕು. ಹೊರಕ್ಕೆ 100 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ), ಒಳಕ್ಕೆ 80 ಬಂತಾ? ಜಾಸ್ತಿ ಇರೋ ಕಡೆ ಡ್ಯಾಂಪರನ್ನೇ ಕೂದಲೆಳೆಯಷ್ಟು ಮುಚ್ಚಿ, ಮತ್ತೆ ಎರಡನ್ನೂ ಅಳೆಯಿರಿ. ವ್ಯತ್ಯಾಸ ಶೇ. 10ರೊಳಗೆ ಬಂದ್ರೆ ಸಾಕು. ಹಿಡಿಯನ್ನ ಸ್ಕ್ರೂ ಹಾಕಿ ಬಿಗಿ ಮಾಡಿ, ಮಾರ್ಕರ್‌ನಲ್ಲಿ ಒಂದು ಗೆರೆ ಎಳೀರಿ.

ಪ್ಲಾಸ್ಟಿಕ್ ಕೋರ್ ಆದ್ರೆ ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೀಬಹುದು. ಬಿಸಿ ಜೊತೆ ತೇವಾಂಶವನ್ನೂ ದಾಟಿಸೋ ಇಆರ್‌ವಿ ಯಂತ್ರದ ಪೇಪರ್ ಕೋರ್‌ಗೆ ಮಾತ್ರ ನೀರು ಸೋಕಿಸಬೇಡಿ, ವ್ಯಾಕ್ಯೂಮ್ ಸಾಕು.

ಹಾಂ, ಮುಚ್ಚಳ ಹಾಕೋ ಮುಂಚೆ ತಳದ ತಟ್ಟೆಗೆ ಒಂದು ಲೋಟ ನೀರು ಸುರೀರಿ. ಡ್ರೈನ್ ಪೈಪಲ್ಲಿ ಇಳಿದು ಹೋಗ್ಲಿಲ್ಲಾಂದ್ರೆ ಲೋಳೆ ಕಟ್ಟಿದೆ ಅಂತ.