ಹಸಿರು ಹೊಳೆಯುವ ಪುಡಿ ಮತ್ತು ನಮ್ಮ ಕಡೆಯ ಬೋರ್‌ವೆಲ್ ನೀರು

ನಾನು ಕಲಬುರಗಿಯಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ, ಊರು ಯಾದಗಿರಿ ಜಿಲ್ಲೆಯ ಶಹಾಪುರ ಕಡೆ. ಹಬ್ಬಕ್ಕೆ ಊರಿಗೆ ಹೋದರೆ ಯಾರಾದರೂ ಕೇಳಿಯೇ ಕೇಳುತ್ತಾರೆ, "ಸರ್, ನಿಮ್ಮ ಆ ಹೊಳೆಯೋ ಪುಡಿಯಿಂದ ನಮಗೇನು ಉಪಯೋಗ?" ಇದಕ್ಕೆ ಉತ್ತರ ಅವರ ಮನೆ ಮುಂದಿನ ಬೋರ್‌ವೆಲ್‌ನಲ್ಲೇ ಇದೆ ಅಂತ ನನ್ನ ನಂಬಿಕೆ. ನಿಂತ ಕಾಲಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಪುಡಿ. ಟರ್ಬಿಯಂ ಒಂದು ರೇರ್ ಅರ್ಥ್ (ವಿರಳ ಭಸ್ಮ) ಗುಂಪಿನ ಲೋಹ. ಅದರ ಕ್ಲೋರೈಡನ್ನು ನೀರಿನಲ್ಲಿ ಕರಗಿಸಿದರೆ ಬಣ್ಣವೇ ಇರುವುದಿಲ್ಲ. ಇನ್ನೊಂದು ಬೀಕರ್‌ನಲ್ಲಿ ಟೆರೆಫ್ಥಾಲಿಕ್ ಆಮ್ಲದ ಸೋಡಿಯಂ ಉಪ್ಪು ಕರಗಿಸಿ (ನೀರಿನ ಪ್ಲಾಸ್ಟಿಕ್ ಬಾಟಲಿ ಮಾಡಲು ಬಳಸುವುದು ಇದೇ ಆಮ್ಲವನ್ನು), ಅದಕ್ಕೂ ಬಣ್ಣವಿಲ್ಲ. ಎರಡನ್ನೂ ಸೇರಿಸಿದ ಕೂಡಲೇ ಬೆಳ್ಳಗೆ ಪುಡಿ ಕಟ್ಟಿ ತಳಕ್ಕೆ ಕೂರುತ್ತದೆ. ಸೋಸಿ, ತೊಳೆದು, ಒಣಗಿಸಿ, ರೂಮಿನ ಲೈಟ್ ಆರಿಸಿ 254 ನ್ಯಾನೋಮೀಟರ್‌ನ ಯುವಿ (ಕಣ್ಣಿಗೆ ಕಾಣದ ನೇರಳಾತೀತ ಬೆಳಕಿನ) ಲ್ಯಾಂಪ್ ಹಿಡಿದರೆ ಇಡೀ ಪುಡಿ ಗಿಣಿ ಹಸಿರು ಬಣ್ಣದಲ್ಲಿ ಹೊಳೆಯುತ್ತದೆ. ಯುವಿ ಕನ್ನಡಕ ಮಾತ್ರ ಕಡ್ಡಾಯ. ಟರ್ಬಿಯಂ ಬದಲು ಯುರೋಪಿಯಂ ಹಾಕಿದರೆ ಕೆಂಪು.

ಒಳಗಿನ ರಚನೆ ಹೀಗೆ: ಒಂದು ಲೋಹ, ಅದಕ್ಕೆ ಅಂಟಿದ ಆಮ್ಲ, ಆಮ್ಲದ ಇನ್ನೊಂದು ತುದಿಗೆ ಮತ್ತೊಂದು ಲೋಹ, ಹೀಗೇ ಎಲ್ಲ ದಿಕ್ಕಿಗೂ ಹರಡುತ್ತಾ ಹೋಗುತ್ತದೆ. ಇದಕ್ಕೇ ಕೋಆರ್ಡಿನೇಷನ್ ಪಾಲಿಮರ್ ಅನ್ನುವುದು. ಪ್ಲಾಸ್ಟಿಕ್ ಥರ ಮೆತ್ತಗಿರುವುದಿಲ್ಲ, ಹರಳು.

ಟರ್ಬಿಯಂ ತಾನಾಗಿ ಬೆಳಕನ್ನು ಹೀರುವುದು ತೀರಾ ಕಡಿಮೆ. ತಟ್ಟೆ ಮುಂದಿಟ್ಟರೂ ಕೈ ಹಾಕದ ಮಗುವಿನ ಹಾಗೆ, ಯಾರಾದರೂ ತುತ್ತು ಮಾಡಿ ಬಾಯಿಗಿಡಬೇಕು. ಆ ಕೆಲಸ ಆಮ್ಲದ್ದು: ಯುವಿ ಬೆಳಕನ್ನು ಅದು ಹೀರಿ, ಆ ಶಕ್ತಿಯನ್ನು ಪಕ್ಕದ ಲೋಹಕ್ಕೆ ದಾಟಿಸುತ್ತದೆ. 1942ರಲ್ಲಿ ವೈಸ್‌ಮನ್ ಎಂಬ ವಿಜ್ಞಾನಿ ಯುರೋಪಿಯಂ ಸಂಯುಕ್ತಗಳಲ್ಲಿ ಇದನ್ನು ಕಂಡರು, ಈಗ ಎಲ್ಲರೂ ಆಂಟೆನಾ ಪರಿಣಾಮ ಅನ್ನುತ್ತಾರೆ. ಹೊರಬರುವ ಬಣ್ಣ ಮಾತ್ರ ಲೋಹದ್ದೇ. ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿದರೆ ಟರ್ಬಿಯಂನ ಮುಖ್ಯ ಗೆರೆ ಸುಮಾರು 545 ನ್ಯಾನೋಮೀಟರ್‌ನಲ್ಲಿ ಬರುತ್ತದೆ, ಆಮ್ಲ ಬದಲಾಯಿಸಿದರೂ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ, ಯಾಕೆಂದರೆ ಬೆಳಕು ಕೊಡುವ ಎಲೆಕ್ಟ್ರಾನ್‌ಗಳು ಪರಮಾಣುವಿನ ಒಳಪದರದಲ್ಲಿವೆ, ಹೊರಗಿನ ಗಲಾಟೆ ಅವಕ್ಕೆ ಅಷ್ಟಾಗಿ ತಟ್ಟುವುದಿಲ್ಲ.

ಈ ಬೆಳಕಿಗೆ ಒಬ್ಬ ಶತ್ರು ಇದ್ದಾನೆ, ನೀರು. ಲೋಹಕ್ಕೆ ಅಂಟಿದ ನೀರಿನ ಅಣುವಿನಲ್ಲಿ ಆಮ್ಲಜನಕ-ಜಲಜನಕದ ಬಂಧ ಸದಾ ಕಂಪಿಸುತ್ತಿರುತ್ತದೆ. ಬೆಳಕಾಗಿ ಹೊರಬೀಳಬೇಕಿದ್ದ ಶಕ್ತಿಯನ್ನು ಆ ಕಂಪನ ಎಳೆದುಕೊಂಡು ಸುಮ್ನೆ ಶಾಖ ಮಾಡಿಬಿಡುತ್ತದೆ. ಯುರೋಪಿಯಂನ ಶಕ್ತಿ ಖಾಲಿ ಮಾಡಲು ಇಂಥ ನಾಲ್ಕು ಕಂಪನದಷ್ಟು ಸಾಕು, ಟರ್ಬಿಯಂಗೆ ಸುಮಾರು ಐದು ಬೇಕು, ಹಾಗಾಗಿ ನೀರಿನ ಹೊಡೆತ ಯುರೋಪಿಯಂಗೇ ಜಾಸ್ತಿ. ಭಾರಜಲದಲ್ಲಿ (ಜಲಜನಕದ ಬದಲು ಅದರ ಭಾರವಾದ ರೂಪ ಇರುವ ನೀರು) ಕಂಪನ ನಿಧಾನ, ಬೆಳಕು ಹೆಚ್ಚು ಹೊತ್ತು ಉಳಿಯುತ್ತದೆ. 1979ರಲ್ಲಿ ಹಾರಾಕ್ಸ್ ಮತ್ತು ಸಡ್ನಿಕ್ ಇದನ್ನೇ ಹಿಡಿದು, ನೀರಿನಲ್ಲಿ ಎಷ್ಟು ಹೊತ್ತು, ಭಾರಜಲದಲ್ಲಿ ಎಷ್ಟು ಹೊತ್ತು ಅಂತ ಹೋಲಿಸಿ, ಲೋಹಕ್ಕೆ ಎಷ್ಟು ನೀರಿನ ಅಣು ಅಂಟಿವೆ ಅಂತ ಲೆಕ್ಕ ಹಾಕುವ ದಾರಿ ತೋರಿಸಿದರು. ಬರೀ ಬೆಳಕು ಆರುವ ವೇಗ ನೋಡಿ ಅಣು ಎಣಿಸುವುದು! ನನಗಂತೂ ಇದನ್ನು ಪಾಠ ಮಾಡುವಾಗ ಪ್ರತಿ ಸಲವೂ ಖುಷಿಯಾಗುತ್ತದೆ.

ಈಗ ಬೋರ್‌ವೆಲ್‌ಗೆ ಬರೋಣ. ಯಾದಗಿರಿ, ಕಲಬುರಗಿ ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಬಂಡೆಯೊಳಗಿನ ಖನಿಜ ನಿಧಾನವಾಗಿ ಕರಗಿ ನೀರಿಗೆ ಸೇರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಾಟಿದ ನೀರನ್ನೇ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಂದು ಕಲೆ ಬೀಳುತ್ತದೆ, ಇನ್ನೂ ಜಾಸ್ತಿಯಾದರೆ ಬೆನ್ನು, ಮೊಣಕಾಲು ಬಿಗಿದುಕೊಳ್ಳುತ್ತವೆ. ರುಚಿ ಇಲ್ಲ, ವಾಸನೆ ಇಲ್ಲ, ಗೊತ್ತಾಗುವುದಾದರೂ ಹೇಗೆ?

2008ರಲ್ಲಿ ಬ್ಯಾಂಗ್ಲಿನ್ ಚೆನ್ ಮತ್ತು ಸಂಗಡಿಗರು ಟರ್ಬಿಯಂ ಹಾಗೂ ಟ್ರೈಮೆಸಿಕ್ ಆಮ್ಲದಿಂದ ಮಾಡಿದ ಇಂಥದ್ದೇ ಹರಳನ್ನು ಮೆಥನಾಲ್ ಎಂಬ ಆಲ್ಕೋಹಾಲ್‌ನಲ್ಲಿ ಹಾಕಿ ಬೇರೆ ಬೇರೆ ಉಪ್ಪು ಸೇರಿಸಿ ನೋಡಿದರು. ಹರಳಿನ ರಂಧ್ರಗಳಲ್ಲಿ ಕೂತ ಮೆಥನಾಲ್ ಕೂಡ ನೀರಿನ ಹಾಗೆಯೇ ಬೆಳಕು ಕದಿಯುತ್ತದೆ. ಫ್ಲೋರೈಡ್ ಬಂದು ಆ ಮೆಥನಾಲ್ ಅಣುವನ್ನು ಹಿಡಿದುಕೊಂಡರೆ ಕಳ್ಳತನ ಕಡಿಮೆಯಾಗುತ್ತದೆ, ಹಸಿರು ಏರುತ್ತದೆ. ಅವರ ಪ್ರಯೋಗದಲ್ಲಿ ಸುಮಾರು ನಾಲ್ಕು ಪಟ್ಟು ಏರಿತ್ತು. ವಿಷ ಇದ್ದರೆ ಬೆಳಕು ಆರುವುದಲ್ಲ, ಹೆಚ್ಚುವುದು, ಕಣ್ಣಿಗೆ ಅದೇ ಸುಲಭ ಅಲ್ವಾ.

ಆದರೆ ಅದು ಮೆಥನಾಲ್. ನಮ್ಮ ಬೋರ್‌ವೆಲ್‌ನಲ್ಲಿ ಇರುವುದು ನೀರು, ಅದೂ ಗಡಸು ನೀರು. ನೀರಿನಲ್ಲಿ ಫ್ಲೋರೈಡನ್ನು ನೀರಿನ ಅಣುಗಳೇ ಸುತ್ತುವರಿದಿರುತ್ತವೆ, ಬಿಟ್ಟುಕೊಡುವುದಿಲ್ಲ. ಜೊತೆಗೆ ಬೈಕಾರ್ಬೊನೇಟ್, ಗೊಬ್ಬರದಿಂದ ಬಂದ ಫಾಸ್ಫೇಟ್. ರೇರ್ ಅರ್ಥ್ ಲೋಹ ಕಂಡರೆ ಫಾಸ್ಫೇಟ್ ಬಿಡುವುದೇ ಇಲ್ಲ, ಹರಳನ್ನೇ ಒಡೆದು ಲೋಹವನ್ನು ಎಳೆದುಕೊಳ್ಳಬಹುದು. ಅನುಕೂಲವೂ ಒಂದಿದೆ. ಟರ್ಬಿಯಂ ಬೆಳಕು ಮಿಲಿಸೆಕೆಂಡಿನ ಲೆಕ್ಕದಲ್ಲಿ ಉಳಿಯುತ್ತದೆ, ನೀರಿನಲ್ಲಿರುವ ಕಸಕಡ್ಡಿಯ ಬೆಳಕು ನ್ಯಾನೋಸೆಕೆಂಡುಗಳಲ್ಲೇ ಆರುತ್ತದೆ, ಸ್ವಲ್ಪ ತಡೆದು ಅಳೆದರೆ ಉಳಿದಿರುವುದು ಟರ್ಬಿಯಂ ಒಂದೇ. ನಮ್ಮ ಎಂಎಸ್‌ಸಿ ಹುಡುಗ ಹುಡುಗಿಯರು ಪ್ರಾಜೆಕ್ಟ್‌ಗೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಶಹಾಪುರ, ಸುರಪುರದ ಬೋರ್‌ವೆಲ್ ನೀರನ್ನೇ ತಂದು ಈ ಪುಡಿಯ ಮೇಲೆ ಹಾಕಿ ನೋಡಬೇಕು ಅಂತ ನನ್ನ ಆಸೆ.

ಅಲ್ಲಿಯವರೆಗೆ ಜಿರ್ಕೋನಿಯಂ ಬಣ್ಣದ ಕಿಟ್ ಇದೆ, ಫ್ಲೋರೈಡ್ ಜಾಸ್ತಿ ಇದ್ದರೆ ಗುಲಾಬಿ ಬಣ್ಣ ಹಳದಿ ಕಡೆ ತಿರುಗುತ್ತದೆ. ಊರಲ್ಲಿರುವವರು ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ನೀರನ್ನು ಪರೀಕ್ಷೆ ಮಾಡಿಸಿ. ಕುದಿಸಿದರೆ ಸರಿಹೋಗುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ: ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನೂ ಗಟ್ಟಿಯಾಗುತ್ತದೆ.