ನುಗ್ಗೆಸೊಪ್ಪಿನ ಸಾರ ಮತ್ತು ಕೋಶಗಳಿಲ್ಲದ ವೆಲ್‌ನ ನೇರಳೆ ಬಣ್ಣ

ನುಗ್ಗೆಸೊಪ್ಪಿನ ಸಾರ ಮೂತ್ರಪಿಂಡದ ಕೋಶಗಳನ್ನು ಉತ್ಕರ್ಷಣದ ಪೆಟ್ಟಿನಿಂದ ಕಾಪಾಡುತ್ತದೆಯೇ ಎಂದು ಪರೀಕ್ಷಿಸುತ್ತಿದ್ದೇನೆ. ಸಾರ ಸೇರಿಸಿದ ವೆಲ್‌ಗಳಲ್ಲಿ (ಪ್ಲೇಟಿನ ಪುಟ್ಟ ಗುಳಿಗಳಲ್ಲಿ) ಎಂಟಿಟಿ, ಅಂದರೆ ಬದುಕಿರುವ ಕೋಶಗಳು ನೇರಳೆಗೆ ತಿರುಗಿಸುವ ಹಳದಿ ಬಣ್ಣಕ, ಅಷ್ಟೊಂದು ಗಾಢ ನೇರಳೆ ಬಣ್ಣ ತೋರಿಸುತ್ತಿದ್ದುದಕ್ಕೆ ಕೊನೆಗೂ ಕಾರಣ ಸಿಕ್ಕಿದೆ. ಸೊಪ್ಪನ್ನು ನೆರಳಿನಲ್ಲಿ ಒಣಗಿಸುವುದು, ಎಥನಾಲ್‌ನಲ್ಲಿ ಸಾರ ತೆಗೆಯುವುದು, ಕೋಶ ಬೆಳೆಸುವುದು ಎಲ್ಲರಿಗೂ ಗೊತ್ತಿರುವ ಕೆಲಸಗಳಾದ್ದರಿಂದ ನೇರವಾಗಿ ಸಮಸ್ಯೆಗೇ ಬರುತ್ತೇನೆ.

ಬಳಸುತ್ತಿರುವುದು ಎಚ್‌ಕೆ-2, ಅಂದರೆ ಮನುಷ್ಯನ ಮೂತ್ರಪಿಂಡದೊಳಗಿನ ಸಮೀಪ ನಳಿಕೆಯ (ಪ್ರಾಕ್ಸಿಮಲ್ ಟ್ಯೂಬ್ಯೂಲ್) ಕೋಶಗಳು. ಸೋಸಿ ಬಂದ ಲವಣವನ್ನು ಮರಳಿ ಹೀರಿಕೊಳ್ಳುವ ದುಡಿಮೆಗಾಗಿ ಇವುಗಳಲ್ಲಿ ಮೈಟೊಕಾಂಡ್ರಿಯಾ ಕಿಕ್ಕಿರಿದಿರುತ್ತವೆ. ಉತ್ಕರ್ಷಣದ ಪೆಟ್ಟು ಇವುಗಳಿಗೆ ಬೇಗ ತಗಲುವುದೂ ಅದಕ್ಕೇ. ಮೊದಲು ಸಾರ, ಆಮೇಲೆ ಆ ಪೆಟ್ಟು ಕೊಡುವ ಹೈಡ್ರೋಜನ್ ಪೆರಾಕ್ಸೈಡ್ ಕೊಟ್ಟಾಗ, ನೇರಳೆಯ ಗಾಢತೆ ಅಳೆಯುವ 570 ನ್ಯಾನೋಮೀಟರಿನ ಅಂಕಿಗಳು ಏನೂ ಕೊಡದ ಕೋಶಗಳಿಗಿಂತಲೂ ಮೇಲೇರಿದ್ದವು. ಸೂಕ್ಷ್ಮದರ್ಶಕದಲ್ಲಿ ಮಾತ್ರ ಅರ್ಧಕ್ಕರ್ಧ ಕೋಶಗಳು ದುಂಡಗಾಗಿ, ತಳ ಬಿಟ್ಟು ತೇಲುತ್ತಿದ್ದವು.

ಮೊದಲ ಅನುಮಾನ ಪೆರಾಕ್ಸೈಡ್ ಮೇಲೆ ಹೋಯಿತು. ಪೂರೈಕೆದಾರರು 30% ಎಂದು ಬರೆದ ಸೀಸೆಯನ್ನು ಐಸ್ ಪ್ಯಾಕ್ ಕೂಡ ಇಡದೆ ಸುಡುಬಿಸಿಲಿನಲ್ಲಿ ಕಳುಹಿಸಿದ್ದರು. 240 ನ್ಯಾನೋಮೀಟರಿನಲ್ಲಿ ಅಳೆದಾಗ ಸಾಂದ್ರತೆ ಚೀಟಿಯಲ್ಲಿದ್ದುದಕ್ಕಿಂತ ಸ್ಪಷ್ಟವಾಗಿ ಕಡಿಮೆಯಿತ್ತು. ಇಂಥ ಮಾಲಿಗೆ ಪೂರ್ತಿ ಬೆಲೆ ತೆಗೆದುಕೊಳ್ಳುವುದು ಅನ್ಯಾಯ. ಆದರೆ ಪ್ರಮಾಣ ಸರಿಪಡಿಸಿದ ಮೇಲೂ ನೇರಳೆ ಬಣ್ಣ ಇಳಿಯಲಿಲ್ಲ.

ಉತ್ತರ ಕೊಟ್ಟದ್ದು ಕೋಶಗಳೇ ಇಲ್ಲದ ವೆಲ್‌ಗಳು. ಮೀಡಿಯಂ (ಕೋಶ ಬೆಳೆಸುವ ದ್ರವ), ಸಾರ, ಎಂಟಿಟಿ ಈ ಮೂರನ್ನೇ ಹಾಕಿಟ್ಟರೂ ಅವು ನೇರಳೆಗೆ ತಿರುಗಿದವು. ಎಂಟಿಟಿಯನ್ನು ಫಾರ್ಮಜಾನ್ ಎಂಬ ನೇರಳೆ ವಸ್ತುವಾಗಿಸಲು ಜೀವಂತ ಕೋಶದ ಕಿಣ್ವಗಳೇ ಬೇಕೆಂದಿಲ್ಲ. ಸೊಪ್ಪಿನಲ್ಲಿರುವ ಕ್ವೆರ್ಸೆಟಿನ್‌ನಂಥ ಫ್ಲೇವನಾಯ್ಡ್‌ಗಳು ತಾವೇ ಅದನ್ನು ಅಪಕರ್ಷಿಸಬಲ್ಲವು, ಅಂದರೆ ಎಲೆಕ್ಟ್ರಾನ್ ಕೊಟ್ಟು ಬದಲಿಸಬಲ್ಲವು. ಯಾವ ಗುಣಕ್ಕಾಗಿ ಈ ಸಾರವನ್ನು ಪರೀಕ್ಷಿಸುತ್ತಿದ್ದೇವೆಯೋ ಅದೇ ಗುಣ ಅಳತೆಯನ್ನು ಕೆಡಿಸುತ್ತಿತ್ತು.

ಹಾಗಾಗಿ ಈಗ ಪೆರಾಕ್ಸೈಡ್‌ಗೆ ಮುಂಚೆ ಒಮ್ಮೆ, ಎಂಟಿಟಿಗೆ ಮುಂಚೆ ಇನ್ನೊಮ್ಮೆ ಪಿಬಿಎಸ್ ಎಂಬ ಉಪ್ಪಿನ ದ್ರಾವಣದಿಂದ ತೊಳೆಯುತ್ತೇನೆ. ಪ್ಲೇಟನ್ನು ಓರೆಯಾಗಿ ಹಿಡಿದು, ಪಿಪೆಟ್ ತುದಿಯನ್ನು ವೆಲ್‌ನ ಗೋಡೆಗೆ ತಾಗಿಸಿ, ದ್ರವವನ್ನು ಮೆಲ್ಲಗೆ ಇಳಿಯಬಿಡಬೇಕು. ನೇರವಾಗಿ ಸುರಿದರೆ ಬದುಕಿರುವ ಕೋಶಗಳೂ ಎದ್ದುಹೋಗುತ್ತವೆ. ಮೊದಲ ತೊಳೆತವನ್ನು ಬಿಟ್ಟರೆ ಸಾರವು ಪೆರಾಕ್ಸೈಡನ್ನು ಮೀಡಿಯಂನಲ್ಲೇ ನಾಶಮಾಡಬಹುದು, ಆಗ ಕೋಶಕ್ಕೆ ಪೆಟ್ಟೇ ಬೀಳುವುದಿಲ್ಲ. ಮೀಡಿಯಂನಲ್ಲಿರುವ ಪೈರುವೇಟ್ ಕೂಡ ಪೆರಾಕ್ಸೈಡನ್ನು ತಿನ್ನುವುದರಿಂದ ಅದಿಲ್ಲದ ಮೀಡಿಯಂಗೆ ಬದಲಾಯಿಸಿದ್ದೇನೆ. ಕೆಲವು ಪಾಲಿಫಿನಾಲ್‌ಗಳು ಮೀಡಿಯಂನಲ್ಲಿ ತಾವೇ ಉತ್ಕರ್ಷಿಸಿ ಪೆರಾಕ್ಸೈಡ್ ಹುಟ್ಟಿಸುತ್ತವೆ, ಗ್ಯಾಲಿಕ್ ಆಮ್ಲ ಇದಕ್ಕೆ ಪ್ರಸಿದ್ಧ. ಆದ್ದರಿಂದ ಪೆರಾಕ್ಸೈಡನ್ನು ಒಡೆಯುವ ಕಿಣ್ವವಾದ ಕ್ಯಾಟಲೇಸ್ ಸೇರಿಸಿದ ವೆಲ್‌ಗಳಿಲ್ಲದ ಫಲಿತಾಂಶವನ್ನು ಇನ್ನು ಮುಂದೆ ನಾನು ನಂಬಲಾರೆ. ಬಣ್ಣದ ಅಪಕರ್ಷಣೆಯನ್ನು ಅವಲಂಬಿಸದೆ, ತಳಕ್ಕಂಟಿದ ಕೋಶಗಳಿಗೆ ಬಣ್ಣ ಹಿಡಿಸಿ ಅಳೆಯುವ ಕ್ರಿಸ್ಟಲ್ ವಯೊಲೆಟ್ ಎಣಿಕೆಯನ್ನೂ ಜೊತೆಗಿಟ್ಟಿದ್ದೇನೆ.

ಇಷ್ಟೆಲ್ಲ ಜರಡಿ ಹಿಡಿದ ಮೇಲೂ ರಕ್ಷಣೆ ಪೂರ್ತಿ ಮಾಯವಾಗಿಲ್ಲ. ಹಿಂದಿಗಿಂತ ಬಹಳ ಸಣ್ಣದು, ಆದರೆ ಎರಡೂ ವಿಧಾನಗಳಲ್ಲಿ ಕಾಣುತ್ತಿದೆ, ಅದು ನನಗೆ ನಿಜವಾದ ಸಂತೋಷ. ಉತ್ಕರ್ಷಣದ ವಿರುದ್ಧ ಕೋಶದ ಸ್ವರಕ್ಷಣೆ ನಡೆಸುವ ಎನ್‌ಆರ್‌ಎಫ್2 ದಾರಿ ಎಚ್ಚೆತ್ತಿದೆಯೇ ಎಂದು, ಆ ದಾರಿ ಹೆಚ್ಚಿಸುವ ಕಿಣ್ವವಾದ ಹೀಮ್ ಆಕ್ಸಿಜನೇಸ್-1 ನೋಡಿ ತಿಳಿಯಬೇಕು.

ನಡುವೆ ಮುಂದಿನ ಯೋಜನೆಯೂ ತಲೆಗೆ ಹತ್ತಿದೆ. ತಿಂದ ಕ್ವೆರ್ಸೆಟಿನ್ ಕರುಳು ಮತ್ತು ಯಕೃತ್ತನ್ನು ದಾಟುವಷ್ಟರಲ್ಲಿ ಬಹುಪಾಲು ಗ್ಲುಕುರೊನೈಡ್, ಸಲ್ಫೇಟ್ ರೂಪಕ್ಕೆ ತಿರುಗಿರುತ್ತದೆ. ಮೂತ್ರಪಿಂಡಕ್ಕೆ ತಲುಪುವುದು ಆ ರೂಪ. ಊಟದಿಂದ ರಕ್ತಕ್ಕೆ ಸೇರುವ ಪ್ರಮಾಣ ಸಾಮಾನ್ಯವಾಗಿ 1 ಮೈಕ್ರೋಮೋಲಾರ್ ಕೂಡ ಮುಟ್ಟದಿರುವುದರಿಂದ, ಕ್ವೆರ್ಸೆಟಿನ್-3-ಗ್ಲುಕುರೊನೈಡನ್ನು 50ರಿಂದಲ್ಲ, 0.5 ಮೈಕ್ರೋಮೋಲಾರ್‌ನಿಂದ ಆರಂಭಿಸುತ್ತೇನೆ.